ಯಾವ ಪದರವನ್ನೂ ಚೆಲ್ಲಬೇಡಿ

(ಪಿಯು ಮತ್ತು ಪದವಿ ಕಾಲೇಜುಗಳ ರಸಾಯನಶಾಸ್ತ್ರ ಅಧ್ಯಾಪಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಬೇರ್ಪಡಿಸುವ ಕೆಲಸಕ್ಕೆ ನಮ್ಮ ಕಣದಲ್ಲಿ, ಅಡುಗೆಮನೆಯಲ್ಲಿ ಎಷ್ಟು ಮಾತುಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ರಾಶಿಯನ್ನು ಗಾಳಿಗೆ ತೂರುತ್ತೇವೆ. ಮೊರದಲ್ಲಿ ಕೇರುತ್ತೇವೆ. ಹಿಟ್ಟನ್ನು ಜರಡಿ ಹಿಡಿಯುತ್ತೇವೆ. ಕಲ್ಲಿರುವ ಅಕ್ಕಿಯನ್ನು ನೀರಿನಲ್ಲಿ ಜಾಲಿಸುತ್ತೇವೆ. ಗಂಜಿ ಬಸಿಯುತ್ತೇವೆ, ಕಾಫಿ ಸೋಸುತ್ತೇವೆ, ಮೊಸರು ಕಡೆಯುತ್ತೇವೆ. ಯಾರೂ ‘ಅಕ್ಕಿಯಿಂದ ಕಲ್ಲನ್ನು ಬೇರ್ಪಡಿಸುತ್ತೇನೆ’ ಎನ್ನುವುದಿಲ್ಲ. ತೂರುವುದು ಎಂದರೆ ಹೊಟ್ಟು ಹಗುರ, ಕಾಳು ಭಾರ ಎನ್ನುವುದು ಆ ಮಾತಿನಲ್ಲೇ ಇದೆ. ಜರಡಿ ಎಂದರೆ ಗಾತ್ರ. ಜಾಲಿಸುವುದು ಎಂದರೆ ನೀರಿನಲ್ಲಿ ಕಲ್ಲು ಮೊದಲು ತಳ ಹಿಡಿಯುತ್ತದೆ ಎನ್ನುವ ತಿಳಿವಳಿಕೆ. ಯಾವ ಗುಣದ ವ್ಯತ್ಯಾಸ ಹಿಡಿದು ಕೆಲಸ ಮಾಡುತ್ತಿದ್ದೇವೆ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ.

ಲ್ಯಾಬಿಗೆ ಕಾಲಿಟ್ಟ ಮೇಲೆ ಎಲ್ಲದಕ್ಕೂ ‘ಸೆಪರೇಶನ್’ ಎಂಬ ಒಂದೇ ಪದ. ರೆಕಾರ್ಡ್ ಪುಸ್ತಕದಲ್ಲಿ ‘ಈಥರ್ ಸೇರಿಸಿ, ಅಲುಗಾಡಿಸಿ, ಕೆಳಪದರ ತೆಗೆಯಿರಿ’ ಎಂದಿರುತ್ತದೆ. ವಿದ್ಯಾರ್ಥಿ ಹಾಗೇ ಮಾಡುತ್ತಾನೆ. ಕೆಳಪದರಕ್ಕೆ ಯಾವುದು ಹೋಯಿತು, ಯಾಕೆ ಹೋಯಿತು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಅದಕ್ಕೇ ನಾನು ಎರಡೇ ಎರಡು ಪಟ್ಟು ಹಿಡಿಯಿರಿ ಎನ್ನುತ್ತೇನೆ. ಪಾತ್ರೆ ಮುಟ್ಟುವ ಮೊದಲು ‘ಇವೆರಡರ ನಡುವಿನ ಇಂಥ ವ್ಯತ್ಯಾಸವನ್ನು ಬಳಸುತ್ತಿದ್ದೇನೆ’ ಎಂದು ಒಂದು ವಾಕ್ಯ ಬರೆಯಬೇಕು. ಕೆಲಸ ಮುಗಿದ ಮೇಲೆ ಹಾಕಿದ್ದೆಷ್ಟು, ಬಂದದ್ದೆಷ್ಟು, ಉಳಿದದ್ದು ಎಲ್ಲಿ ಹೋಯಿತು ಎಂದು ಜಮಾಖರ್ಚು ಕೊಡಬೇಕು. ಇವೆರಡರ ನಡುವೆ ಬರುವುದೆಲ್ಲ ಕೈಚಳಕ. ಅದು ಮಾಡುತ್ತ ಮಾಡುತ್ತ ಬರುತ್ತದೆ.

ಒಂದು ಮಿಶ್ರಣ ಹಿಡಿದು ಕೂರೋಣ. ಬೆಂಜೋಯಿಕ್ ಆಮ್ಲ, 2-ನ್ಯಾಫ್ತಾಲ್, ನ್ಯಾಫ್ತಲೀನ್, ತಲಾ 1 ಗ್ರಾಂ. ಮೂರೂ ಬಿಳಿ ಪುಡಿ, ಮೂರೂ ಅಗ್ಗ, ಮೂರೂ ನಿಮ್ಮ ಕಪಾಟಿನಲ್ಲಿವೆ. ಬೆಂಜೋಯಿಕ್ ಆಮ್ಲದ ಪಿಕೆಎ (ಆಮ್ಲದ ಬಲದ ಅಳತೆ, ಅಂಕಿ ಕಡಿಮೆಯಾದಷ್ಟೂ ಆಮ್ಲ ಪ್ರಬಲ) 4.2. ನ್ಯಾಫ್ತಾಲ್‌ನದು ಸುಮಾರು 9.5. ನ್ಯಾಫ್ತಲೀನ್ ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ. ಕಾರ್ಬಾನಿಕ್ ಆಮ್ಲದ ಪಿಕೆಎ 6.4ರ ಹತ್ತಿರ, ಅಂದರೆ ಮೊದಲ ಎರಡರ ನಡುವೆ ಕೂತಿದೆ. ಹಾಗಾಗಿ ಬೈಕಾರ್ಬೊನೇಟ್ ಬೆಂಜೋಯಿಕ್ ಆಮ್ಲದಿಂದ ಪ್ರೋಟಾನ್ ಕಿತ್ತುಕೊಳ್ಳುತ್ತದೆ, ನ್ಯಾಫ್ತಾಲ್‌ನಿಂದ ಕಿತ್ತುಕೊಳ್ಳಲಾರದು. ನ್ಯಾಫ್ತಾಲ್‌ಗೆ ಸೋಡಿಯಂ ಹೈಡ್ರಾಕ್ಸೈಡೇ ಬೇಕು. ಪ್ರೋಟಾನ್ ಕಳಕೊಂಡದ್ದು ಲವಣವಾಗಿ ನೀರಿಗಿಳಿಯುತ್ತದೆ, ಕಳಕೊಳ್ಳದ್ದು ಈಥರ್‌ನಲ್ಲೇ ಉಳಿಯುತ್ತದೆ. ವಿದ್ಯಾರ್ಥಿ ಬರೆಯಬೇಕಾದ ವಾಕ್ಯ ಇದು. ಇದನ್ನು ಬರೆದವನು ಮೊದಲು ಹೈಡ್ರಾಕ್ಸೈಡ್, ಆಮೇಲೆ ಬೈಕಾರ್ಬೊನೇಟ್ ಹಾಕುವ ತಪ್ಪು ಮಾಡುವುದಿಲ್ಲ. ಹಾಗೆ ಮಾಡಿದರೆ ಆಮ್ಲ, ನ್ಯಾಫ್ತಾಲ್ ಎರಡೂ ಒಟ್ಟಿಗೇ ಕೆಳಗಿಳಿಯುತ್ತವೆ. ಬೈಕಾರ್ಬೊನೇಟ್‌ಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಈ ಮೂರನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ, ಅದು ಸ್ವಲ್ಪ ತುಂಟತನದ್ದು. ನ್ಯಾಫ್ತಲೀನ್ 80 ಡಿಗ್ರಿಗೆ ಕರಗುತ್ತದೆ. ಬೆಂಜೋಯಿಕ್ ಆಮ್ಲ 122 ಡಿಗ್ರಿಗೆ. 2-ನ್ಯಾಫ್ತಾಲ್ ಕೂಡ 122ರ ಹತ್ತಿರವೇ. ಎರಡು ಬೀಕರ್ ಅದಲು ಬದಲಾದರೆ ಮೆಲ್ಟಿಂಗ್ ಪಾಯಿಂಟ್ ಉಪಕರಣ ನಿಮಗೆ ಏನೂ ಹೇಳುವುದಿಲ್ಲ. ಇದಕ್ಕೆ ಆಮೇಲೆ ಮರಳಿ ಬರುತ್ತೇನೆ.

ಈಗ ಪ್ರಮಾಣ. 3 ಗ್ರಾಂ ಮಿಶ್ರಣವನ್ನು 30 ಮಿ.ಲೀ. ಈಥರ್‌ನಲ್ಲಿ ಕರಗಿಸಿ, ತಳದಲ್ಲಿ ನಲ್ಲಿಯಿರುವ 125 ಮಿ.ಲೀ. ಸೆಪರೇಟಿಂಗ್ ಫನಲ್‌ಗೆ ಹಾಕಿದಿರಿ ಎನ್ನಿ. ಶೇ 5ರ ಸೋಡಿಯಂ ಬೈಕಾರ್ಬೊನೇಟ್ 10 ಮಿ.ಲೀ. ಸೇರಿಸಿ ಎಂದು ಕೈಪಿಡಿ ಹೇಳುತ್ತದೆ. ಸಾಕೇ? 10 ಮಿ.ಲೀ.ನಲ್ಲಿ ಅರ್ಧ ಗ್ರಾಂ ಬೈಕಾರ್ಬೊನೇಟ್ ಇದೆ. ಅಣುತೂಕ 84, ಅಂದರೆ ಸುಮಾರು 6 ಮಿಲಿಮೋಲ್ (ಅಣುತೂಕದಷ್ಟು ಗ್ರಾಂ ಒಂದು ಮೋಲ್, ಅದರ ಸಾವಿರದಲ್ಲೊಂದು ಭಾಗ ಮಿಲಿಮೋಲ್). ಬೆಂಜೋಯಿಕ್ ಆಮ್ಲದ ಅಣುತೂಕ 122, 1 ಗ್ರಾಂ ಎಂದರೆ 8.2 ಮಿಲಿಮೋಲ್. ಸಾಲದು! ಒಂದೇ ಸಲ 10 ಮಿ.ಲೀ. ಹಾಕಿ ಕೈತೊಳೆದುಕೊಂಡರೆ ಕಾಲು ಗ್ರಾಂಗಿಂತ ಹೆಚ್ಚು ಆಮ್ಲ ಈಥರ್‌ನಲ್ಲೇ ಉಳಿದು, ಮುಂದಿನ ಹಂತದಲ್ಲಿ ನ್ಯಾಫ್ತಾಲ್ ಜೊತೆ ಇಳಿಯುತ್ತದೆ. ಎರಡು ಸಲ ತಲಾ 10 ಮಿ.ಲೀ. ಹಾಕಿದರೆ 12 ಮಿಲಿಮೋಲ್ ಆಗುತ್ತದೆ, ಸಾಕು. ಮೂರನೇ ಸಲ 5 ಮಿ.ಲೀ. ಬರೀ ಪರೀಕ್ಷೆಗೆ. ಅದರಿಂದ ಒಂದಿಷ್ಟು ಹನಿಗಳನ್ನು ಟೆಸ್ಟ್ ಟ್ಯೂಬಿಗೆ ತೆಗೆದುಕೊಂಡು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಬೆಂಜೋಯಿಕ್ ಆಮ್ಲ ಇನ್ನೂ ಇಳಿಯುತ್ತಿದ್ದರೆ ಮಸುಕಾಗುತ್ತದೆ. ಮಸುಕಾಗದೆ ತಿಳಿಯಾಗಿಯೇ ಉಳಿದರೆ ಮುಂದೆ ಹೋಗಬಹುದು.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿಸಿ. 8.2 ಮಿಲಿಮೋಲ್ ಆಮ್ಲ ಅಷ್ಟೇ ಮಿಲಿಮೋಲ್ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದು ಎರಡೂ ಸಲ ಸೇರಿ ಸುಮಾರು 200 ಮಿ.ಲೀ. ಅನಿಲ, ಮೊದಲ ಸಲವೇ 145ರಷ್ಟು. ನಿಮ್ಮ ಕೈಯಲ್ಲಿರುವುದು 125 ಮಿ.ಲೀ. ಫನಲ್, ಅದರಲ್ಲಿ ಆಗಲೇ 40 ಮಿ.ಲೀ. ದ್ರವವಿದೆ. ‘ಒತ್ತಡ ಬಿಡಿ’ ಎಂದು ಹತ್ತು ಸಲ ಕೂಗುವ ಬದಲು ಈ ಅಂಕಿಯನ್ನು ಅವರ ಕೈಯಿಂದಲೇ ಬರೆಯಿಸಿ, ಆಮೇಲೆ ಫನಲ್ ಹಿಡಿಯುವ ರೀತಿಯೇ ಬೇರೆಯಾಗುತ್ತದೆ. ಮೊದಲು ಬಿರಡೆ ಹಾಕದೆ ಮೆಲ್ಲಗೆ ಸುತ್ತಿಸಬೇಕು. ನೊರೆ ಇಳಿದ ಮೇಲೆ ಬಿರಡೆ. ತಲೆಕೆಳಗು ಮಾಡಿ, ಕೊಳವೆಯ ತುದಿ ಯಾರ ಮುಖದ ಕಡೆಗೂ ಇರದಂತೆ ಮೇಲಕ್ಕೆ ಹಿಡಿದು, ಕೂಡಲೇ ನಲ್ಲಿ ತೆರೆಯಬೇಕು. ಎರಡು ಸಲ ಅಲುಗಿಸಿ ಒಂದು ಸಲ ತೆರೆಯುವುದು. ‘ಉಸ್’ ಎನ್ನುವುದು ನಿಂತ ಮೇಲಷ್ಟೇ ಜೋರಾಗಿ ಅಲುಗಾಡಿಸುವ ಮಾತು.

ಕೆಳಗೆ ಇಳಿಸುವಾಗ ದ್ರವ ಅರ್ಧಕ್ಕೇ ನಿಂತುಬಿಡುತ್ತದೆ, ಹುಡುಗರು ನಲ್ಲಿ ಕಟ್ಟಿಕೊಂಡಿದೆ ಎಂದು ಗಾಬರಿಯಾಗುತ್ತಾರೆ. ನೂರಕ್ಕೆ ತೊಂಬತ್ತು ಸಲ ಬಿರಡೆ ತೆಗೆಯಲು ಮರೆತಿರುತ್ತಾರೆ, ಅಷ್ಟೇ. ಗಾಳಿ ಒಳಬರದೆ ದ್ರವ ಇಳಿಯದು.

ಯಾವ ಪದರ ಯಾವುದು? ಈಥರ್‌ನ ಸಾಂದ್ರತೆ 0.71, ಮೇಲೆ ತೇಲುತ್ತದೆ. ಡೈಕ್ಲೋರೋಮೀಥೇನ್‌ನದು 1.33, ಕೆಳಗೆ ಕೂರುತ್ತದೆ. ಇದನ್ನು ಬಾಯಿಪಾಠ ಮಾಡಿಸಬೇಡಿ. ಡ್ರಾಪರ್‌ನಿಂದ ಎರಡು ಹನಿ ನೀರನ್ನು ಫನಲ್‌ಗೆ ಬಿಟ್ಟು ಅದು ಎಲ್ಲಿ ಹೋಗಿ ಸೇರುತ್ತದೆ ಎಂದು ನೋಡಿಸಿ. ಸೇರಿದ್ದು ನೀರಿನ ಪದರ. ಇಷ್ಟಾದ ಮೇಲೂ ಒಂದು ನಿಯಮ ಗೋಡೆಯ ಮೇಲೆ ಬರೆದಿರಲಿ: ಕೊನೆಯ ಪದಾರ್ಥ ಒಣಗಿ ತೂಕವಾಗುವವರೆಗೆ ಯಾವ ಪದರವನ್ನೂ ಚೆಲ್ಲಬೇಡಿ. ಶಂಕುವಿನಾಕಾರದ ಫ್ಲಾಸ್ಕ್‌ಗಳು ಬೆಂಚಿನ ಮೇಲೆ ಸಾಲಾಗಿ ನಿಂತಿರಲಿ, ಪ್ರತಿಯೊಂದರ ಮೇಲೂ ‘ಬೈಕಾರ್ಬ್ 1+2’, ‘ಹೈಡ್ರಾಕ್ಸೈಡ್ 1+2’, ‘ಈಥರ್’ ಎಂದು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಅಂಟಿರಲಿ. ‘ಮೇಲಿನದು’, ‘ಕೆಳಗಿನದು’ ಎಂದು ಬರೆದರೆ ಅರ್ಧ ಗಂಟೆಯ ಮೇಲೆ ಅದಕ್ಕೆ ಅರ್ಥವಿರುವುದಿಲ್ಲ. ತಪ್ಪು ಪದರವನ್ನು ಸಿಂಕಿಗೆ ಸುರಿದವನ ಪ್ರಯೋಗ ಮುಗಿಯಿತು. ತಪ್ಪು ಪದರವನ್ನು ಫ್ಲಾಸ್ಕಿನಲ್ಲಿ ಇಟ್ಟವನಿಗೆ ಐದು ನಿಮಿಷದ ನಷ್ಟ ಮಾತ್ರ.

‘ಒಂದೇ ಸಲ ಜಾಸ್ತಿ ದ್ರಾವಕ ಹಾಕಿದರೆ ಆಗದೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನೀವೇ ಕೇಳಿ. ಒಂದು ಪದಾರ್ಥ ನೀರಿಗಿಂತ ಈಥರ್‌ನಲ್ಲಿ 4 ಪಟ್ಟು ಸಾಂದ್ರವಾಗಿ ಹಂಚಿಕೊಳ್ಳುತ್ತದೆ ಎನ್ನಿ. 30 ಮಿ.ಲೀ. ನೀರಿನಲ್ಲಿರುವುದನ್ನು ಒಂದೇ ಸಲ 30 ಮಿ.ಲೀ. ಈಥರ್‌ನಿಂದ ತೆಗೆದರೆ ನೀರಿನಲ್ಲಿ ಶೇ 20 ಉಳಿಯುತ್ತದೆ. ಅದೇ ಈಥರನ್ನು 10 ಮಿ.ಲೀ.ನಂತೆ ಮೂರು ಸಲ ಬಳಸಿದರೆ ಪ್ರತಿ ಸಲ ಏಳರಲ್ಲಿ ಮೂರು ಭಾಗ ಉಳಿದು, ಕೊನೆಗೆ ಶೇ 8ಕ್ಕಿಂತ ಕಡಿಮೆ. ಐದು ಸಲ 6 ಮಿ.ಲೀ. ಮಾಡಿದರೆ? ಶೇ 5ರ ಆಸುಪಾಸು. ಮೂರರಿಂದ ಐದಕ್ಕೆ ಹೋದರೆ ಸಿಗುವ ಲಾಭ ಚಿಕ್ಕದು, ಶ್ರಮ ದೊಡ್ಡದು. ‘ಮೂರು ಸಲ’ ಎಂದು ಎಲ್ಲ ಕೈಪಿಡಿಗಳೂ ಹೇಳುವುದರ ಹಿಂದಿರುವುದು ಈ ಲೆಕ್ಕ. ಬಟ್ಟೆ ಜಾಲಾಡುವವರಿಗೆ ಇದು ಹೊಸದೇನಲ್ಲ: ಒಂದು ದೊಡ್ಡ ಬಕೆಟ್ ನೀರಿಗಿಂತ ಮೂರು ಚಿಕ್ಕ ಬಕೆಟ್ ಸೋಪನ್ನು ಚೆನ್ನಾಗಿ ಬಿಡಿಸುತ್ತದೆ.

ಎರಡು ಪದರಗಳ ನಡುವೆ ಮೊಸರಿನಂಥ ಎಮಲ್ಷನ್ ಕಟ್ಟಿಕೊಂಡರೆ ಮೊದಲು ಕೈಕಟ್ಟಿ ಐದು ನಿಮಿಷ ಕಾಯಿರಿ. ಆಮೇಲೆ ಸ್ಯಾಚುರೇಟೆಡ್ ಉಪ್ಪುನೀರು ಹಾಕಿ ಮೆಲ್ಲಗೆ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ಹತ್ತಿಯ ಮೂಲಕ ಸೋಸಿ. ಮತ್ತಷ್ಟು ಜೋರಾಗಿ ಅಲುಗಾಡಿಸುವುದೊಂದನ್ನು ಮಾತ್ರ ಮಾಡಬಾರದು. ಎಲ್ಲರೂ ಮೊದಲು ಮಾಡುವುದು ಅದನ್ನೇ.

ಇಲ್ಲಿ ನಮ್ಮ ಹವೆಯ ವಿಷಯ ಹೇಳಲೇಬೇಕು, ಯಾಕೆಂದರೆ ಕೈಪಿಡಿಗಳನ್ನು ಬರೆದವರು ತಂಪು ದೇಶದವರು. ಡೈಈಥೈಲ್ ಈಥರ್ 34.6 ಡಿಗ್ರಿಗೆ ಕುದಿಯುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 40 ದಾಟುತ್ತದೆ. ಅಲ್ಲಿ ಈಥರ್ ಬಾಟಲಿ ತೆರೆಯುವುದು ಪ್ರಯೋಗವಲ್ಲ, ಅಪಾಯ. ಡೈಕ್ಲೋರೋಮೀಥೇನ್ ಕೂಡ 40ಕ್ಕೇ ಕುದಿಯುತ್ತದೆ. ‘ಈಥೈಲ್ ಅಸಿಟೇಟ್ ಬಳಸೋಣ, ಕುದಿಬಿಂದು 77’ ಎಂಬ ಸಲಹೆ ಬರುತ್ತದೆ. ಬೈಕಾರ್ಬೊನೇಟ್ ಹಂತಕ್ಕೆ ಸರಿ. ಆದರೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ ಕೂಡಲೇ ಏನಾಗುತ್ತದೆ? ಇದೇ ಮಕ್ಕಳು ಭೌತ ರಸಾಯನದ ಲ್ಯಾಬಿನಲ್ಲಿ ಈಥೈಲ್ ಅಸಿಟೇಟ್ ಸಾಬೂನೀಕರಣದ (ಕ್ಷಾರ ಅದನ್ನು ಒಡೆಯುವ ಕ್ರಿಯೆಯ) ವೇಗ ಅಳೆದಿರುತ್ತಾರೆ. 25 ಡಿಗ್ರಿಯಲ್ಲಿ ಆ ವೇಗಾಂಕ ಪ್ರತಿ ಮೋಲಾರ್‌ಗೆ ಪ್ರತಿ ಸೆಕೆಂಡಿಗೆ ಸುಮಾರು 0.1. ನೀರಿನಲ್ಲಿ ಈಥೈಲ್ ಅಸಿಟೇಟ್ ಶೇ 8ರಷ್ಟು ಕರಗುತ್ತದೆ. ಶೇ 5ರ ಹೈಡ್ರಾಕ್ಸೈಡ್ ಜೊತೆ ಅಲುಗಾಡಿಸಿದರೆ ಕ್ಷಾರದ ಬಹುಪಾಲನ್ನು ಒಂದೇ ನಿಮಿಷದೊಳಗೆ ದ್ರಾವಕವೇ ತಿಂದುಬಿಡುತ್ತದೆ, ನ್ಯಾಫ್ತಾಲ್‌ಗೆ ಏನೂ ಉಳಿಯುವುದಿಲ್ಲ. ಒಂದು ಲ್ಯಾಬಿನಲ್ಲಿ ಅಳೆದ ಅಂಕಿ ಇನ್ನೊಂದು ಲ್ಯಾಬಿನಲ್ಲಿ ಕೆಲಸಕ್ಕೆ ಬರುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಹಾಗಾದರೆ ದಾರಿ? 55 ಡಿಗ್ರಿಗೆ ಕುದಿಯುವ ಮೀಥೈಲ್ ಟರ್ಷರಿ ಬ್ಯುಟೈಲ್ ಈಥರ್ ಕೊಳ್ಳಿ. ಅದಾಗದಿದ್ದರೆ ಈ ಪ್ರಯೋಗವನ್ನು ಡಿಸೆಂಬರ್‌ಗೆ ಹಾಕಿ, ಬೆಳಗಿನ ಬ್ಯಾಚ್‌ಗೆ ಕೊಡಿ. ಯಾವ ಈಥರ್ ಆದರೂ ಕೋಣೆಯಲ್ಲಿ ಒಂದೂ ಬರ್ನರ್ ಉರಿಯಬಾರದು.

ಹವೆಯ ಎರಡನೇ ಏಟು ಕಣ್ಣಿಗೆ ಬೀಳದಂಥದ್ದು. ಈಥರ್ ಪದರವನ್ನು ಒಣಗಿಸಲು ನಿರ್ಜಲ ಸೋಡಿಯಂ ಸಲ್ಫೇಟ್ ಹಾಕುತ್ತೇವೆ. ಅದು ನೀರು ಹೀರಿ ಹತ್ತು ನೀರಿನ ಹರಳಾಗುತ್ತದೆ. ಆದರೆ ಆ ಹರಳು ಬದುಕುವುದು 32.4 ಡಿಗ್ರಿಯವರೆಗೆ ಮಾತ್ರ. ಅದರ ಮೇಲೆ ಹೀರಿದ ನೀರನ್ನು ಬಿಟ್ಟುಕೊಡುತ್ತದೆ. 36 ಡಿಗ್ರಿಯ ಕೋಣೆಯಲ್ಲಿ ಎಷ್ಟು ಸಲ್ಫೇಟ್ ಸುರಿದರೂ ದ್ರಾವಣ ಒಣಗದು. ಫ್ಲಾಸ್ಕನ್ನು ತಣ್ಣೀರಿನಲ್ಲಿ ಇಡಿ, ಇಲ್ಲವೇ ಮೆಗ್ನೀಷಿಯಂ ಸಲ್ಫೇಟ್ ಬಳಸಿ. ಒಣಗಿತೆಂದು ತಿಳಿಯುವುದು ಹೇಗೆಂದರೆ, ಪುಡಿ ತಳಕ್ಕೆ ಗಂಟುಕಟ್ಟಿ ಅಂಟಿಕೊಂಡಿದ್ದರೆ ಇನ್ನೂ ನೀರಿದೆ. ಫ್ಲಾಸ್ಕ್ ತಿರುಗಿಸಿದಾಗ ಒಂದಿಷ್ಟು ಪುಡಿ ಬಿಡಿಬಿಡಿಯಾಗಿ ಏಳಬೇಕು.

ಮುಂದೆ ಆಮ್ಲೀಕರಣ, ಅಂದರೆ ಲವಣವಾಗಿ ನೀರಿಗಿಳಿದದ್ದನ್ನು ಆಮ್ಲ ಹಾಕಿ ಮತ್ತೆ ಪುಡಿಯಾಗಿ ಹೊರತರುವುದು. ಬೈಕಾರ್ಬೊನೇಟ್ ಪದರವನ್ನು 250 ಮಿ.ಲೀ. ಬೀಕರಿಗೆ ಹಾಕಿಕೊಳ್ಳಿ, 50ರದ್ದಕ್ಕೆ ಅಲ್ಲ. ನೊರೆ ಉಕ್ಕಿ ಬೆಂಚಿನ ಮೇಲೆ ಹರಿದರೆ ನಿಮ್ಮ ಜಮಾಖರ್ಚು ಅಲ್ಲಿಗೇ ಮುಗಿಯಿತು. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ 12 ಮೋಲಾರ್, ಹಾಗಾಗಿ 1 ಮಿ.ಲೀ.ಗಿಂತ ತುಸು ಹೆಚ್ಚು ಸಾಕು. ಹನಿಹನಿಯಾಗಿ ಹಾಕಿ ಪಿಎಚ್ 2ಕ್ಕೆ ಇಳಿಸಿ, ಮಂಜುಗಡ್ಡೆಯಲ್ಲಿಡಿ. ಹೈಡ್ರಾಕ್ಸೈಡ್ ಪದರವನ್ನು ಮಾತ್ರ ಕಾಯಿಸಬೇಡಿ, ಬೇಗ ಆಮ್ಲೀಕರಿಸಿ. ಕ್ಷಾರದಲ್ಲಿರುವ ನ್ಯಾಫ್ತಾಲ್ ಗಾಳಿ ತಗುಲಿದಂತೆ ಕಂದಾಗುತ್ತ ಹೋಗುತ್ತದೆ.

ಹರಳುಗಟ್ಟಿಸುವ ಹಂತದಲ್ಲಿ ಕನ್ನಡದಲ್ಲಿ ಪಾಠ ಹೇಳುವವರಿಗೆ ಒಂದು ವಿಶೇಷ ತೊಡಕಿದೆ. ಸಕ್ಕರೆ ನೀರಿನಲ್ಲಿ ಕರಗಿತು ಎನ್ನುತ್ತೇವೆ, ಬೆಣ್ಣೆ ಬಿಸಿಗೆ ಕರಗಿತು ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಇದುವರೆಗೆ ನಾನೂ ಎರಡು ಅರ್ಥದಲ್ಲೂ ಅದನ್ನೇ ಬಳಸಿದೆ. ಬಹುತೇಕ ಕಡೆ ಇದರಿಂದ ತೊಂದರೆಯಿಲ್ಲ, ಅಸಿಟನಿಲೈಡ್ ಎಂಬ ಪದಾರ್ಥವನ್ನು ನೀರಿನಿಂದ ಹರಳುಗಟ್ಟಿಸಲು ಹೊರಟಾಗ ತೊಂದರೆ. ನೀರು ಕಡಿಮೆ ಹಾಕಿ ಕುದಿಸಿದರೆ ಆ ಬಿಳಿ ಪುಡಿ ಕಾಣೆಯಾಗಿ ತಳದಲ್ಲಿ ಎಣ್ಣೆಯ ಹನಿಗಳು ಕಾಣುತ್ತವೆ. ‘ಸರ್, ಕರಗಿತು’ ಎನ್ನುತ್ತಾನೆ ಹುಡುಗ. ಅವನು ಹೇಳುವುದು ನಿಜ, ಆದರೆ ಬೆಣ್ಣೆ ಕರಗಿದ ಹಾಗೆ ಕರಗಿದೆ, ಸಕ್ಕರೆಯ ಹಾಗಲ್ಲ. ಒಣ ಅಸಿಟನಿಲೈಡ್ 114 ಡಿಗ್ರಿಗೆ ದ್ರವವಾಗುತ್ತದೆ. ನೀರಿನ ಜೊತೆಗಿದ್ದಾಗ 83ರ ಸುಮಾರಿಗೇ ಆಗಿಬಿಡುತ್ತದೆ. ಆ ಹನಿಗಳನ್ನು ಕಲ್ಮಶವೆಂದುಕೊಂಡು ಬಿಸಿಯಾಗಿ ಸೋಸಿದರೆ ಪದಾರ್ಥವೆಲ್ಲ ಫಿಲ್ಟರ್ ಕಾಗದದ ಮೇಲೆ. ಹಾಗೇ ತಣಿಸಿದರೆ ಹನಿಗಳು ಕಲ್ಮಶವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಗಟ್ಟಿಯಾಗುತ್ತವೆ. ಪರಿಹಾರ ಸರಳ, ಹನಿ ಮಾಯವಾಗುವವರೆಗೆ ಕುದಿನೀರು ಸೇರಿಸುತ್ತ ಹೋಗಿ. ಈ ಒಂದು ತರಗತಿಯಲ್ಲಾದರೂ ‘ವಿಲೀನವಾಯಿತು’, ‘ದ್ರವಿಸಿತು’ ಎಂದು ಬೇರೆ ಬೇರೆ ಹೇಳಿಸಿ.

ನಮ್ಮ ಬೆಂಜೋಯಿಕ್ ಆಮ್ಲಕ್ಕೆ 1 ಗ್ರಾಂಗೆ 20 ಮಿ.ಲೀ. ಕುದಿನೀರು ಸಾಕು. ಬಣ್ಣ ತೆಗೆಯಲು ಇದ್ದಿಲು ಹಾಕುವುದಿದ್ದರೆ ಚಿಟಿಕೆಯಷ್ಟು ಹಾಕಿ, ಅದನ್ನೂ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ. ಕುದಿಯುವ ದ್ರವಕ್ಕೆ ಇದ್ದಿಲು ಬಿದ್ದರೆ ಭುಸ್ಸೆಂದು ಉಕ್ಕುತ್ತದೆ. ಇದ್ದಿಲು ಬಣ್ಣವನ್ನಷ್ಟೇ ಅಲ್ಲ, ನಿಮ್ಮ ಪದಾರ್ಥವನ್ನೂ ಹೀರುತ್ತದೆ.

ಭಟ್ಟಿ ಇಳಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೆಲ್ಲ ಚೆನ್ನಾಗಿಯೇ ಮಾಡಿಸುತ್ತೀರಿ. ಥರ್ಮಾಮೀಟರ್ ಬಲ್ಬ್ ಪಕ್ಕದ ಕೊಳವೆಯ ಬಾಯಿಯ ಮಟ್ಟಕ್ಕಿರಲಿ, ನೀರು ಕಂಡೆನ್ಸರ್‌ನ ಕೆಳಗಿನಿಂದ ಒಳಹೋಗಲಿ, ಬಿಸಿಯಾದ ದ್ರವಕ್ಕೆ ಕುದಿಗಲ್ಲು ಹಾಕುವುದು ಬೇಡ. ಒಂದೇ ಒಂದು ಮಾತು: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಅಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಆದರೂ ರೆಕಾರ್ಡ್ ಪುಸ್ತಕಗಳಲ್ಲೆಲ್ಲ 100! ಮಂಗಳೂರಿನವರು 100 ಎಂದು ಬರೆದರೆ ಒಪ್ಪೋಣ. ಕಂಡದ್ದನ್ನು ಬರೆಯುವ ಅಭ್ಯಾಸ ಇಲ್ಲಿ ತಪ್ಪಿದರೆ ಮುಂದೆ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ.

ಆವಿ ಬಟ್ಟಿಯನ್ನು ಮಾತ್ರ ನಮ್ಮ ನೆಲದ ಉದಾಹರಣೆಯಿಂದಲೇ ಕಲಿಸಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಶ್ರೀಗಂಧದ ಕೊರಡು ಕಳಿಸುವ ದಾರಿ ಮುಚ್ಚಿಹೋಯಿತು. ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ಇಳಿಸಲು ಶುರು ಮಾಡಿತು. ಅದರ ರಾಸಾಯನಿಕ ಕೆಲಸಕ್ಕೆ ನೆರವಾದವರು ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್. ತರಗತಿಗೆ ಗಂಧ ದುಬಾರಿ, ಲವಂಗ ಸಾಕು. 10 ಗ್ರಾಂ ಲವಂಗ ಜಜ್ಜಿ 100 ಮಿ.ಲೀ. ನೀರಿನೊಡನೆ ಕುದಿಸಿ, 50 ಮಿ.ಲೀ. ಹಾಲಿನಂಥ ದ್ರವ ಇಳಿಸಿಕೊಳ್ಳಿ. ಲವಂಗದೆಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್‌ನ ಕುದಿಬಿಂದು 254 ಡಿಗ್ರಿ, ಅದು 100ಕ್ಕಿಂತ ಕೆಳಗೇ ನೀರಾವಿಯೊಡನೆ ಬಂತಲ್ಲ ಎಂದು ಕೇಳಿ. ನೀರಿನೊಂದಿಗೆ ಬೆರೆಯದ ದ್ರವ ತನ್ನ ಆವಿಯ ಒತ್ತಡವನ್ನು ನೀರಿನದಕ್ಕೆ ಕೂಡಿಸುತ್ತದೆ ಎನ್ನುವುದನ್ನು ಮೂಗಿನಿಂದಲೇ ಕಲಿಯುತ್ತಾರೆ.

ಈಗ ಕ್ರೊಮ್ಯಾಟೋಗ್ರಫಿ, ಅಂದರೆ ಹರಿಯುವ ದ್ರಾವಕದೊಡನೆ ಪದಾರ್ಥಗಳು ಬೇರೆ ಬೇರೆ ವೇಗದಲ್ಲಿ ಸಾಗಿ ಬಿಡಿಸಿಕೊಳ್ಳುವ ವಿಧಾನ. ಬೆರೆತದ್ದು ಬೇರೆಯಾಗುವುದು ಕಣ್ಣಿಗೆ ಕಾಣುವುದು ಇಲ್ಲಿ ಮಾತ್ರ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ 1903ರಲ್ಲಿ ವಾರ್ಸಾದಲ್ಲಿ ಇದನ್ನು ಮೊದಲು ವಿವರಿಸಿದ. ಗಾಜಿನ ನಳಿಕೆಗೆ ಸೀಮೆಸುಣ್ಣದ ಪುಡಿ ತುಂಬಿ ಎಲೆಯ ಹಸಿರನ್ನು ಇಳಿಬಿಟ್ಟರೆ ಹಳದಿ, ಹಸಿರು ಪಟ್ಟೆಗಳು ಬಿಡಿಸಿಕೊಳ್ಳುತ್ತವೆ. ತ್ಸ್ವೆತ್ ಎಂದರೆ ರಷ್ಯನ್ ಭಾಷೆಯಲ್ಲಿ ಬಣ್ಣ ಎಂದೇ ಅರ್ಥ! ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1950ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ವಿ. ಗಿರಿ ಮತ್ತು ಸಂಗಡಿಗರು ವೃತ್ತಾಕಾರದ ಕಾಗದ ಕ್ರೊಮ್ಯಾಟೋಗ್ರಫಿಯನ್ನು ಅಮೈನೋ ಆಮ್ಲಗಳಿಗೆ ಬಳಸಿದರು. ಬಡ ಲ್ಯಾಬಿಗೆ ಹೇಳಿ ಮಾಡಿಸಿದ ವಿಧಾನ ಅದು. ಎರಡು ಪೆಟ್ರಿ ತಟ್ಟೆ, ನಡುವೆ ಒಂದು ಫಿಲ್ಟರ್ ಕಾಗದ, ಮಧ್ಯದಲ್ಲಿ ಬತ್ತಿ. ಪದಾರ್ಥಗಳು ಉಂಗುರವಾಗಿ ಹರಡುತ್ತವೆ. ಅಮೈನೋ ಆಮ್ಲಕ್ಕೆ ನೇರಳೆ ಬಣ್ಣ ಕೊಡುವ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದಾಗ ಉಂಗುರಗಳ ಜೊತೆ ಬೆರಳಚ್ಚುಗಳೂ ನೇರಳೆಯಾಗಿ ಕಂಡರೆ, ಕಾಗದವನ್ನು ಅಂಚಿನಲ್ಲಿ ಹಿಡಿಯಿರಿ ಎಂದು ಇನ್ನೊಮ್ಮೆ ಹೇಳುವ ಅಗತ್ಯವಿಲ್ಲ.

ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಪ್ಲೇಟ್ ಕೊಳ್ಳಲಾಗದಿದ್ದರೆ ಮಾಡಿಕೊಳ್ಳಬಹುದು. 30 ಗ್ರಾಂ ಸಿಲಿಕಾ ಜೆಲ್ ಜಿ, 60 ಮಿ.ಲೀ. ಬಟ್ಟಿನೀರು, ಒಂದು ನಿಮಿಷ ಚೆನ್ನಾಗಿ ಕುಲುಕಿ ಕೂಡಲೇ ಗಾಜಿನ ಮೇಲೆ ಹರಡಿ. ಅದರಲ್ಲಿ ಜಿಪ್ಸಂ ಇದೆ, ತಡ ಮಾಡಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ನೆರಳಲ್ಲಿ ಆರಿಸಿ 110 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಒಣಪುಡಿ ಗಾಳಿಗೇಳದಂತೆ ನೋಡಿಕೊಳ್ಳಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಓವನ್‌ನಿಂದ ತೆಗೆದ ಪ್ಲೇಟ್ ಡೆಸಿಕೇಟರಿನಲ್ಲಿರಲಿ. ಉಡುಪಿಯ ಜುಲೈನಲ್ಲಿ ಬೆಂಚಿನ ಮೇಲೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ತೇವ ಹೀರಿಕೊಂಡು ಆರ್‌ಎಫ್ (ದ್ರಾವಕ ಏರಿದ ದೂರದಲ್ಲಿ ಚುಕ್ಕೆ ಏರಿದ ಪಾಲು) ಬೇರೆಯೇ ಬರುತ್ತದೆ. ಆರ್‌ಎಫ್ ಎನ್ನುವುದು ಪದಾರ್ಥದ ಆಧಾರ್ ಸಂಖ್ಯೆ ಅಲ್ಲ. ಆ ದಿನ, ಆ ಪ್ಲೇಟ್, ಆ ದ್ರಾವಕಕ್ಕೆ ಮಾತ್ರ ಸೇರಿದ್ದು. ಆದ್ದರಿಂದ ಗೊತ್ತಿರುವ ಮಾದರಿಯನ್ನು ಪಕ್ಕದಲ್ಲೇ ಓಡಿಸಬೇಕು: ಎಡಕ್ಕೆ ಮಾದರಿ, ಬಲಕ್ಕೆ ನಿಮ್ಮದು, ನಡುವೆ ಎರಡನ್ನೂ ಒಂದರ ಮೇಲೊಂದು. ನಡುವಿನ ಸಾಲು ಎರಡು ಚುಕ್ಕೆಯಾಗಿ ಒಡೆದರೆ ಅವು ಒಂದೇ ಅಲ್ಲ. 6 ಸೆಂ.ಮೀ. ಓಟದಲ್ಲಿ 1 ಮಿ.ಮೀ. ತಪ್ಪಿದರೂ ಎರಡನೇ ದಶಮಾಂಶ ಅಲುಗುತ್ತದೆ. 0.347 ಎಂದು ಬರೆದವರಿಗೆ ಸ್ಕೇಲ್ ತೋರಿಸಿ.

ಕೆಡುವುದು ಎಲ್ಲೆಲ್ಲಿ? ಪೆನ್ನಿನಲ್ಲಿ ಗೆರೆ ಎಳೆದರೆ ಶಾಯಿಯೇ ಓಡುತ್ತದೆ. ದ್ರಾವಕದ ಮಟ್ಟ ಚುಕ್ಕೆಯ ಗೆರೆಗಿಂತ ಮೇಲಿದ್ದರೆ ಮಾದರಿ ಕೆಳಗೇ ತೊಳೆದುಹೋಗುತ್ತದೆ. ಚುಕ್ಕೆ 2 ಮಿ.ಮೀ.ಗಿಂತ ದೊಡ್ಡದಾದರೆ ಬಾಲ ಬೆಳೆಯುತ್ತದೆ. ಬೆಂಜೋಯಿಕ್ ಆಮ್ಲ ಚಿಕ್ಕ ಚುಕ್ಕೆಯಲ್ಲೂ ಬಾಲ ಎಳೆಯುತ್ತದೆ, ದ್ರಾವಕಕ್ಕೆ ಒಂದು ಹನಿ ಅಸಿಟಿಕ್ ಆಮ್ಲ ಹಾಕಿದರೆ ಮುದುಡಿ ಕೂರುತ್ತದೆ. ನ್ಯಾಫ್ತಲೀನ್‌ದು ಇನ್ನೊಂದು ಬಗೆ. ಪ್ಲೇಟನ್ನು ಹೇರ್ ಡ್ರೈಯರ್‌ನಿಂದ ಒಣಗಿಸಿದರೆ ಚುಕ್ಕೆಯೇ ಆವಿಯಾಗಿ ಹೋಗಿರುತ್ತದೆ, ‘ಈ ಭಾಗದಲ್ಲಿ ಏನೂ ಇಲ್ಲ’ ಎಂದು ವರದಿ ಬರುತ್ತದೆ.

ಕಾಲಂಗೆ, ಅಂದರೆ ತ್ಸ್ವೆತ್ ಮಾಡಿದಂತೆ ನಳಿಕೆಯಲ್ಲಿ ಬಿಡಿಸುವುದಕ್ಕೆ, ಪಾಲಕ್ ಎಲೆಗಿಂತ ಒಳ್ಳೆಯದು ಇಲ್ಲ. ಕೆಂಪು ಹರಿವೆ ಬೇಡ, ಅದರ ಕೆಂಪು ನೀರಿನ ಪದರದಲ್ಲಿ ಉಳಿದು ಕಣ್ಣು ಕಟ್ಟುತ್ತದೆ. ದಂಟು ತೆಗೆದ 5 ಗ್ರಾಂ ಎಲೆ, ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್, 10 ಮಿ.ಲೀ. ತಣ್ಣನೆಯ ಅಸಿಟೋನ್, ಖಲದಲ್ಲಿ ಅರೆಯಿರಿ. ಕಾರ್ಬೊನೇಟ್ ಯಾಕೆ? ಎಲೆಯ ಆಮ್ಲಗಳು ಕ್ಲೋರೋಫಿಲ್‌ನ ನಡುವಿನ ಮೆಗ್ನೀಷಿಯಂ ಅನ್ನು ಕಿತ್ತು ಬೂದುಹಸಿರಿನ ಫಿಯೊಫೈಟಿನ್ ಮಾಡುತ್ತವೆ. ಸೊಪ್ಪಿನ ಸಾರಿಗೆ ಹುಣಸೆಹುಳಿ ಬಿದ್ದ ಕೂಡಲೇ ಹಸಿರು ಮಾಸುವುದು ಇದೇ ಕಾರಣಕ್ಕೆ. ಅರೆದದ್ದನ್ನು ಸೋಸಿ, 10 ಮಿ.ಲೀ. ಹೆಕ್ಸೇನ್ ಸೇರಿಸಿ, 20 ಮಿ.ಲೀ. ಉಪ್ಪುನೀರಿನಿಂದ ಎರಡು ಸಲ ತೊಳೆಯಿರಿ. ಈ ತೊಳೆತ ಅಸಿಟೋನ್ ಓಡಿಸುವುದಕ್ಕೆ. ಅದು ಉಳಿದರೆ ಕಾಲಂನ ತಲೆಯಲ್ಲಿ ಬಣ್ಣಗಳೆಲ್ಲ ಗುಂಪಾಗಿ ಒಂದೇ ಓಟ ಕೀಳುತ್ತವೆ. ಒಣಗಿಸಿ 1 ಮಿ.ಲೀ.ಗೆ ಇಳಿಸಿ.

ಕಾಲಂ 1.5 ಸೆಂ.ಮೀ. ಅಗಲ ಸಾಕು. ತಳಕ್ಕೆ ಹತ್ತಿ, ಅದರ ಮೇಲೆ ಅರ್ಧ ಸೆಂ.ಮೀ. ಮರಳು, 10 ಗ್ರಾಂ ಸಿಲಿಕಾವನ್ನು ಹೆಕ್ಸೇನ್‌ನಲ್ಲಿ ಕದಡಿ ಗಂಜಿಯಂತೆ ಸುರಿಯಿರಿ, ಪಕ್ಕದಿಂದ ರಬ್ಬರ್ ಕೊಳವೆಯಲ್ಲಿ ಮೆಲ್ಲಗೆ ತಟ್ಟುತ್ತ ಇಳಿಸಿ. ಹತ್ತಿಯನ್ನು ಬಿಗಿಯಾಗಿ ತುರುಕಿದರೆ ಗಂಟೆಗೆ ನಾಲ್ಕು ಹನಿ ಬೀಳುತ್ತದೆ. ದ್ರಾವಕ ಎಂದೂ ಸಿಲಿಕಾದ ಮಟ್ಟಕ್ಕಿಂತ ಕೆಳಗಿಳಿಯಬಾರದು, ಇಳಿದರೆ ಗಾಳಿ ಹೊಕ್ಕು ಬಿರುಕು, ಬಿರುಕಿನಲ್ಲಿ ಬಣ್ಣ ಓರೆಯಾಗಿ ಹರಿದು ಪಟ್ಟೆಗಳು ಕಲಸಿಹೋಗುತ್ತವೆ. ಅಸಿಟೋನ್ ಪ್ರಮಾಣವನ್ನು ಶೇ 5, 20, 30 ಎಂದು ಮೆಟ್ಟಿಲಾಗಿ ಏರಿಸಿ. ಒಮ್ಮೆಗೇ ಹೆಚ್ಚಿಸಿದರೆ ಸಿಲಿಕಾ ಬಿಸಿಯಾಗಿ ಗುಳ್ಳೆಯೇಳುತ್ತದೆ. ಮೊದಲು ಕಿತ್ತಳೆಹಳದಿಯ ಕೆರೋಟಿನ್, ಆಮೇಲೆ ನೀಲಿಹಸಿರಿನ ಕ್ಲೋರೋಫಿಲ್ ಎ, ಹಳದಿಹಸಿರಿನ ಬಿ, ಕೊನೆಗೆ ಜಾಂತೊಫಿಲ್. ನಡುವೆ ಬೂದು ಪಟ್ಟೆ ಕಂಡರೆ ಯಾರೋ ಕಾರ್ಬೊನೇಟ್ ಮರೆತಿದ್ದಾರೆ, ಅಥವಾ ಸಿಲಿಕಾದ ಮೇಲೆ ಬಹಳ ಹೊತ್ತು ಬಿಟ್ಟಿದ್ದಾರೆ.

ಕೊನೆಯದಾಗಿ ಅಂಕ ಕೊಡುವ ವಿಚಾರ. ಇಳುವರಿಗೆ ಅಂಕ ಕೊಟ್ಟರೆ ಸ್ಟಾಕ್ ಬಾಟಲಿಯಿಂದ ಇಳುವರಿ ಬರುತ್ತದೆ, ಇದು ನಿಮಗೂ ಗೊತ್ತು. ಜಮಾಖರ್ಚಿಗೆ ಅಂಕ ಕೊಡಿ. 3.00 ಗ್ರಾಂ ಹಾಕಿ, ಬೆಂಜೋಯಿಕ್ 0.88, ನ್ಯಾಫ್ತಾಲ್ 0.81, ನ್ಯಾಫ್ತಲೀನ್ 0.62 ಬಂತು ಎಂದುಕೊಳ್ಳಿ. ಒಟ್ಟು 2.31, ಶೇ 77. ಉಳಿದ 0.69 ಎಲ್ಲಿ? ಮಂಜಿನಷ್ಟು ತಣ್ಣಗಿನ ನೀರಿನಲ್ಲೂ ಬೆಂಜೋಯಿಕ್ ಆಮ್ಲ ಲೀಟರ್‌ಗೆ 1.7 ಗ್ರಾಂ ವಿಲೀನವಾಗಿರುತ್ತದೆ. ಶೋಧ ದ್ರವ 40 ಮಿ.ಲೀ. ಇದ್ದರೆ 0.07 ಗ್ರಾಂ ಅಲ್ಲೇ ಹೋಯಿತು. ನ್ಯಾಫ್ತಲೀನ್‌ನ ದೊಡ್ಡ ನಷ್ಟ ದ್ರಾವಕ ಹಾರಿಸುವಾಗ ನೀರುಸ್ನಾನದ ಮೇಲೆ ಬಿಟ್ಟದ್ದರಿಂದ. ಕೋಣೆ ನುಸಿಗುಳಿಗೆ ವಾಸನೆ ಹೊಡೆಯುತ್ತಿತ್ತು ಎಂದು ಬರೆದವನಿಗೂ ಒಂದು ಅಂಕ ಕೊಡಿ, ಅದು ಸಾಕ್ಷ್ಯ. ಒಟ್ಟು 3 ಗ್ರಾಂ ಮೀರಿದರೆ ಪುಡಿ ಇನ್ನೂ ಒದ್ದೆ.

ಪ್ರಾಯೋಗಿಕ ಪರೀಕ್ಷೆಗೆ ಒಂದೊಂದು ಸೀಸೆಯಲ್ಲೂ ಪ್ರಮಾಣ ಬೇರೆ ಮಾಡಿ. ಹತ್ತರಲ್ಲಿ ಒಂದು ಸೀಸೆಗೆ ನ್ಯಾಫ್ತಾಲ್ ಹಾಕಲೇಬೇಡಿ. ಬೈಕಾರ್ಬೊನೇಟ್ ಅನ್ನು ಲೆಕ್ಕ ಹಾಕಿ ಎರಡು ಸಲ ಬಳಸಿದವರ ಹೈಡ್ರಾಕ್ಸೈಡ್ ಪದರ ಆಮ್ಲ ಹಾಕಿದರೂ ತಿಳಿಯಾಗಿಯೇ ಇರುತ್ತದೆ, ಅವರು ‘0.00’ ಎಂದು ಬರೆಯುತ್ತಾರೆ. ಒಂದೇ ಸಲ ಬಳಸಿದವರಿಗೆ ಅಲ್ಲಿ ಬಿಳಿ ಪುಡಿ ಸಿಗುತ್ತದೆ, ಒಣಗಿಸಿ ನೋಡಿದರೆ ಸರಿಯಾಗಿ 122 ಡಿಗ್ರಿಗೆ ಕರಗುತ್ತದೆ, ‘ನ್ಯಾಫ್ತಾಲ್, ಶುದ್ಧ’ ಎಂದು ಸಂತೋಷದಿಂದ ವರದಿ ಕೊಡುತ್ತಾರೆ. ಅದು ಉಳಿದುಹೋದ ಬೆಂಜೋಯಿಕ್ ಆಮ್ಲ. ಅಸಲಿ ನ್ಯಾಫ್ತಾಲ್‌ನೊಂದಿಗೆ ಸ್ವಲ್ಪ ಬೆರೆಸಿ ಮತ್ತೆ ಕರಗಿಸಿ ನೋಡಲು ಹೇಳಿ, 122ಕ್ಕಿಂತ ಎಷ್ಟೋ ಮುಂಚೆಯೇ ಮೆತ್ತಗಾಗುತ್ತದೆ. ಅಷ್ಟು ಹೊತ್ತಿಲ್ಲವೆಂದರೆ ಆ ಪುಡಿಯ ಒಂದು ಕಣವನ್ನು ವಾಚ್ ಗ್ಲಾಸಿನ ಮೇಲಿಟ್ಟು ಬೈಕಾರ್ಬೊನೇಟ್‌ನ ಒಂದು ಹನಿ ಬಿಡಿಸಿ, ಗುಳ್ಳೆ ಏಳುವುದನ್ನು ಅವರೇ ನೋಡಲಿ.